ಎರಡನೇ ಸಲ ಹಾಡುವಾಗ

2013ರಲ್ಲಿ ನಾನು ಶಿಕಾರಿಪುರದಲ್ಲಿ ಪಿಯುಸಿ ಓದುತ್ತಿದ್ದೆ. ಊರು ಸೊರಬ ತಾಲ್ಲೂಕಿನ ಆನವಟ್ಟಿಯ ಕಡೆ. ಶನಿವಾರ ಮಧ್ಯಾಹ್ನ ಹಾಸ್ಟೆಲಿನಿಂದ ಹೊರಟು ಬಸ್ಸು ಹಿಡಿದರೆ ಶಿರಾಳಕೊಪ್ಪ ದಾಟಿ ಸಂಜೆಯ ಹೊತ್ತಿಗೆ ಮನೆ. ಆ ಓದಿನ ವರ್ಷ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಗೆಳೆಯನೊಬ್ಬ ಬ್ಲೂಟೂತಿನಲ್ಲಿ ಕೆಲವು ಹಾಡು ಕಳಿಸಿದ. ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಎರಡನೇ ಆಲ್ಬಂ ‘ಜಗ್ ಚಂಗಾ’ದ ಹಾಡುಗಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳುತ್ತ ಹೋದೆ. ಒಂದು ಹಾಡಿಗೆ ಬಂದಾಗ ನೆಟ್ಟಗೆ ಕೂತೆ. ಅದು ‘ಕೋಡಗನ ಕೋಳಿ ನುಂಗಿತ್ತಾ’. ನಮ್ಮಜ್ಜನ ಹಾಡು!

ಅಜ್ಜ ಊರಿನ ಭಜನಾ ಮಂಡಳಿಯ ಹಾಡುಗಾರ. ಶ್ರಾವಣದ ಸೋಮವಾರಗಳಲ್ಲಿ, ಶಿವರಾತ್ರಿಯ ಜಾಗರಣೆಯಲ್ಲಿ, ಊರಲ್ಲಿ ಯಾರಾದರೂ ತೀರಿಕೊಂಡ ರಾತ್ರಿ ಹೆಣದ ಮುಂದೆ ಕೂತು ಹಾಡುತ್ತಿದ್ದವನು. ಅವತ್ತು ಮನೆಗೆ ಹೋದವನೇ ಇಯರ್‌ಫೋನ್ ಕೊಡಲು ಹೋದೆ, ಬೇಡವೆಂದ. ಮೊಬೈಲನ್ನು ಸ್ಟೀಲ್ ಚೊಂಬಿನೊಳಗಿಟ್ಟು ಹಾಡು ಹಚ್ಚಿದೆ. ಅಜ್ಜ ತಲೆ ತಗ್ಗಿಸಿ ಪೂರ್ತಿ ಕೇಳಿದ. ಬೈಯುತ್ತಾನೆಂದುಕೊಂಡಿದ್ದೆ, ಬೈಯಲಿಲ್ಲ. ಒಂದೇ ಮಾತು ಕೇಳಿದ: “ಹಾಡು ನಮ್ದ ಐತಿ. ಅರ್ಥ ಹೇಳೋರು ಯಾರದಾರ ಇದರಾಗ?”

ಈಗ ತತ್ತ್ವಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಆ ಪ್ರಶ್ನೆಯನ್ನು ಹತ್ತು ವರ್ಷ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. ಈ ಲೇಖನ ಅದರ ಬಗ್ಗೆ, ಮತ್ತು ಹಾಡೊಂದು ಎರಡನೇ ಸಲ ಹಾಡಿಸಿಕೊಳ್ಳುವಾಗ ಏನಾಗುತ್ತದೆ ಎಂಬುದರ ಬಗ್ಗೆ.

*

ಪಾಪ್ ಸಂಗೀತದ ಲೋಕದಲ್ಲಿ ಎರಡನೇ ಆಲ್ಬಮ್ಮೆಂದರೆ ಒಂದು ಬಗೆಯ ಭಯವಿದೆ. ಮೊದಲನೆಯದಕ್ಕೆ ಅಲ್ಲಿಯವರೆಗಿನ ಬದುಕೆಲ್ಲ ಬಂಡವಾಳ. ಹದಿನೆಂಟನೇ ವಯಸ್ಸಿನಲ್ಲಿ ಕಟ್ಟಿದ ಹಾಡೂ ಅದರಲ್ಲಿರುತ್ತದೆ, ಮೊನ್ನೆ ಕಟ್ಟಿದ್ದೂ ಇರುತ್ತದೆ. ಎರಡನೆಯದರ ಹೊತ್ತಿಗೆ ಗಂಟು ಖಾಲಿ. ನೀನು ಯಾರು, ನಿನ್ನ ಹಾಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಆಗ ತಿಳಿದೂ ತಿಳಿದೂ ಉತ್ತರ ಕೊಡಬೇಕಾಗುತ್ತದೆ.

ಇದಕ್ಕೊಂದು ಹಳೆಯ ಉದಾಹರಣೆ ಅಮೆರಿಕದ್ದು. ಗಿಟಾರಿನ ತಂತಿಗಳು ಗೆಜ್ಜೆಯ ಹಾಗೆ ಝಣಗುಟ್ಟುವ ಒಂದು ಬಗೆಯ ಪಾಪ್ ಸಂಗೀತವನ್ನು ‘ಜ್ಯಾಂಗಲ್ ಪಾಪ್’ ಅನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಆರ್.ಇ.ಎಂ., ಇಂಗ್ಲೆಂಡಿನ ದ ಸ್ಮಿತ್ಸ್ ಮುಂತಾದ ತಂಡಗಳು ಈ ನಾದದಿಂದ ಹೆಸರಾದವು. ಅದರ ಬೇರು 1965ರ ಲಾಸ್ ಏಂಜಲೀಸ್‌ನಲ್ಲಿದೆ. ಅಲ್ಲಿನ ‘ದ ಬರ್ಡ್ಸ್’ ತಂಡದ ರೋಜರ್ ಮೆಗ್ವಿನ್, ಬೀಟಲ್ಸ್ ಸಿನಿಮಾದಲ್ಲಿ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ನೋಡಿದ್ದ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರನ್ನು ತನ್ನ ತಂಡದ ದನಿಯಾಗಿಸಿಕೊಂಡ. ಆ ತಂಡದ ಮೊದಲ ಆಲ್ಬಂ 1965ರ ಜೂನ್‌ನಲ್ಲಿ ಬಂತು, ಅದರ ಹೆಸರು ಬಾಬ್ ಡಿಲನ್ನನ ಹಾಡಿನದು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೆಯದು ಬಂತು. ಹೆಸರು ‘ಟರ್ನ್! ಟರ್ನ್! ಟರ್ನ್!’. ಆ ಶೀರ್ಷಿಕೆ ಗೀತೆಯ ಮಾತುಗಳು ಬಹುಮಟ್ಟಿಗೆ ಬೈಬಲಿನ ಹಳೆ ಒಡಂಬಡಿಕೆಯವು. ಕನ್ನಡ ಬೈಬಲಿನಲ್ಲಿ ‘ಪ್ರಸಂಗಿ’ ಎಂದು ಕರೆಯುವ ಭಾಗದ ಮೂರನೇ ಅಧ್ಯಾಯದ ಮಾತುಗಳವು. ಜನಪದ ಗಾಯಕ ಪೀಟ್ ಸೀಗರ್ 1950ರ ದಶಕದ ಕೊನೆಯಲ್ಲಿ ಅವಕ್ಕೆ ರಾಗ ಹಾಕಿದ್ದ. ಬರ್ಡ್ಸ್ ಅದಕ್ಕೆ ಝಣಗುಟ್ಟುವ ಗಿಟಾರು ಕೊಟ್ಟರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಇಪ್ಪತ್ತರ ಹರೆಯದ ಹುಡುಗರು ಎರಡನೇ ಆಲ್ಬಮ್ಮಿಗೆ ಹೊರಟಾಗ ಕೈ ಹಾಕಿದ್ದು ತೀರಾ ಹಳೆಯ ಪೆಟ್ಟಿಗೆಗೆ. ‘ಜಗ್ ಚಂಗಾ’ದಲ್ಲೂ ಹೀಗೇ ಆಗಿದೆ ಎಂದು ನನಗನ್ನಿಸುತ್ತದೆ.

*

ರಘು ದೀಕ್ಷಿತರು ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಕಲಿತದ್ದು ಭರತನಾಟ್ಯ, ಹಿಡಿದದ್ದು ಗಿಟಾರು. ಅವರ ಸಂಗೀತ ಕಟ್ಟುನಿಟ್ಟಾಗಿ ಜ್ಯಾಂಗಲ್ ಪಾಪ್ ಅಲ್ಲ, ಅದನ್ನು ಜನಪದ ರಾಕ್ ಅನ್ನುವುದು ರೂಢಿ. ಆದರೆ ಮೀಟಿದ ತಂತಿಯ ಹೊಳಪು, ಎಲ್ಲರೂ ಕೂಡಿ ಹೇಳಬಹುದಾದ ಪಲ್ಲವಿ ಎರಡೂ ಅಲ್ಲಿವೆ. ಇನ್ನು ಗೆಜ್ಜೆ ಬರೀ ಹೋಲಿಕೆಯ ಮಾತಲ್ಲ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ನಿಜವಾಗಿಯೂ ಗೆಜ್ಜೆ ಕಟ್ಟಿಕೊಂಡೇ ಅವರು ವೇದಿಕೆಗೆ ಬರುತ್ತಾರೆ.

ತಂಡದ ಮೊದಲ ಆಲ್ಬಂ ‘ಅಂತರಾಗ್ನಿ’ 2008ರಲ್ಲಿ ಬಂತು. ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಕಂಪನಿಯಿಂದ ಅದನ್ನು ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳಿದ್ದವು: ‘ಸೋರುತಿಹುದು ಮನಿಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೊ’. ಮುಂದಿನ ಐದು ವರ್ಷ ತಂಡ ಊರೂರು ಸುತ್ತಿತು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಬಂತು. ಇಷ್ಟೆಲ್ಲ ಆದ ಮೇಲೆ 2013ರಲ್ಲಿ ಎರಡನೇ ಆಲ್ಬಂ.

ಶರೀಫರನ್ನು ಬಿಟ್ಟು ಮುಂದೆ ಹೋಗುವುದು ಸುಲಭವಿತ್ತು. ಹೊರದೇಶದ ಕೇಳುಗರಿಗೆ ಕನ್ನಡ ತಿಳಿಯದು, ಮುಂಬಯಿಯ ಮಾರುಕಟ್ಟೆಗೆ ಹಿಂದಿ ಸಾಕು. ಆದರೂ ‘ಜಗ್ ಚಂಗಾ’ ಮತ್ತೆ ಶರೀಫರ ಬಳಿಗೇ ಬಂತು. ‘ಲೋಕದ ಕಾಳಜಿ’ ಅಲ್ಲಿದೆ, ‘ಕೋಡಗನ ಕೋಳಿ’ ಅಲ್ಲಿದೆ. ಆಲ್ಬಮ್ಮಿನ ಹೆಸರಿಗೆ ‘ಜಗ ಚೆಂದ’ ಎಂಬ ಅರ್ಥ, ಅದರೊಳಗೇ ಲೋಕದ ಚಿಂತೆ ಹೊತ್ತವನನ್ನು ಕೆಣಕುವ ಶರೀಫರ ಪದ! ಒಮ್ಮೆ ತಂದರೆ ಅಲಂಕಾರವೆನ್ನಬಹುದು. ಎರಡನೇ ಸಲವೂ ತಂದರೆ ಅದೊಂದು ನಿಲುವು. ತಾನು ಯಾವ ಒಕ್ಕಲಿನ ಹಾಡುಗಾರ ಎಂದು ಹೇಳಿಕೊಂಡಂತೆ.

ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು. ಯಾಕೆಂದರೆ ಆ ಒಕ್ಕಲಿನ ನಿಜವಾದ ವಾರಸುದಾರ ನಮ್ಮಜ್ಜ ಎಂದು ನಾನು ನಂಬಿದ್ದೆ.

*

ಶರೀಫರ ಶಿಶುನಾಳ ಇರುವುದು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ. ಅದು ನಮಗೆ ದೂರವಲ್ಲ. ಆನವಟ್ಟಿಯಿಂದ ಬಡಗಣಕ್ಕೆ ಹೊರಟರೆ ಹಾನಗಲ್ಲು, ಅದರಾಚೆಗೆ ಶಿಗ್ಗಾವಿಯ ಸೀಮೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಮುಸ್ಲಿಂ ಮನೆಯವರು, ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಅವರ ಪದಗಳು ಹಾಡುವವರ ಬಾಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದವು, ಪುಸ್ತಕವಾದದ್ದು ಆಮೇಲೆ. ಹಾಗಾಗಿ ಒಂದೇ ಪದಕ್ಕೆ ಒಂದೊಂದು ಕಡೆ ಒಂದೊಂದು ನುಡಿ ಹೆಚ್ಚು, ಒಂದೊಂದು ಕಡಿಮೆ.

ಪದ ಊರು ದಾಟುವಾಗ ಅರ್ಥವೂ ಕೈ ಬದಲಿಸುತ್ತದೆ. ನಮ್ಮ ಕಡೆ ಮಳೆ ಜಾಸ್ತಿ, ಇಳಿಜಾರಿನ ಹೆಂಚಿನ ಮನೆಗಳು. ಬಯಲುಸೀಮೆಯ ಮಣ್ಣಿನ ಮಾಳಿಗೆ ನಮಗೆ ಗೊತ್ತಿಲ್ಲ. ಮಾಳಿಗೆ ಸೋರುವ ಪದ ಹಾಡಿದಾಗಲೆಲ್ಲ ಅಜ್ಜ ನಡುವೆ ನಿಲ್ಲಿಸಿ, ಮಾಳಿಗೆ ಹೇಗಿರುತ್ತದೆ, ಮೇಲೆ ಹುಲ್ಲು ಬೆಳೆದರೆ ಯಾಕೆ ಸೋರುತ್ತದೆ ಎಂದು ಮೊದಲು ಹೇಳುತ್ತಿದ್ದ. ಮೈಯೇ ಮನೆ, ಮರೆವೇ ಸೋರಿಕೆ ಎಂಬುದು ಆಮೇಲಿನ ಮಾತು. ‘ಕೋಡಗನ ಕೋಳಿ’ಯಲ್ಲಂತೂ ಹೆಜ್ಜೆ ಹೆಜ್ಜೆಗೂ ಒಗಟು. ಸಣ್ಣದು ದೊಡ್ಡದನ್ನು ನುಂಗುತ್ತ ಹೋಗುತ್ತದೆ. ಕೊನೆಗೆ ನುಂಗಿಸಿಕೊಳ್ಳುವ ಸರದಿ ಹಾಡುವವನ ‘ನಾನು’ ಎಂಬುದಕ್ಕೇ ಬರುತ್ತದೆ, ನುಂಗುವುದು ಗುರುವಿನ ಪಾದ. ಪ್ರತಿ ನುಡಿಯ ಕೊನೆಗೂ ತಾಳ ನಿಲ್ಲುತ್ತಿತ್ತು. ಕೇಳುವವರು ವಾದಕ್ಕೆ ಬೀಳುತ್ತಿದ್ದರು. ಒಂದು ಪದಕ್ಕೆ ಒಂದು ಗಂಟೆ.

ಇದು ನನ್ನ ಪ್ರಬಂಧದ ಎರಡನೇ ಅಧ್ಯಾಯದ ವಸ್ತು. ಅಧ್ಯಾಯದ ಮೊದಲ ಕರಡಿನಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ಎರಡು ಕಂಬಸಾಲು ಮಾಡಿದ್ದೆ. ಒಂದು ಕಡೆ ಬಾಯಿಂದ ಬಾಯಿಗೆ ಬಂದ ಮೂಲ ಪರಂಪರೆ, ಇನ್ನೊಂದು ಕಡೆ ಕ್ಯಾಸೆಟ್ಟು, ಸಿನಿಮಾ, ಬ್ಯಾಂಡು. ಮೊದಲನೆಯದರಲ್ಲಿ ಅಜ್ಜ, ಎರಡನೆಯದರಲ್ಲಿ ರಘು ದೀಕ್ಷಿತ್. ಅಜ್ಜನ ಪ್ರಶ್ನೆಯನ್ನು ಬ್ಯಾಂಡಿನ ವಿರುದ್ಧದ ತೀರ್ಪೆಂಬಂತೆ ಉಲ್ಲೇಖಿಸಿದ್ದೆ.

*

ಅಜ್ಜ ತೀರಿಕೊಂಡ ಮೇಲೆ, ಹಿಂದೊಂದು ಶಿವರಾತ್ರಿಯಲ್ಲಿ ನಾನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಅವನ ಹಾಡುಗಳನ್ನು ಸ್ವರ ಹಾಕಿ ಬರೆದುಕೊಳ್ಳಲು ಕೂತೆ. ‘ಕೋಡಗನ ಕೋಳಿ’ಯ ಅಜ್ಜನ ಮಟ್ಟು ಅತ್ಯಂತ ಹಳೆಯದು, ಬಯಲುಸೀಮೆಯಿಂದ ನೇರವಾಗಿ ನಮ್ಮಲ್ಲಿಗೆ ಬಂದದ್ದು ಎಂಬುದು ನನ್ನ ಊಹೆ. ಹೋಲಿಕೆಗೆಂದು ಸಿ. ಅಶ್ವತ್ಥ್ ಹಾಡಿದ್ದನ್ನು ಹಾಕಿದೆ. ಎರಡನೇ ನುಡಿಗೆ ಬರುವಷ್ಟರಲ್ಲಿ ಕೈ ನಿಂತಿತು. ಎರಡೂ ಒಂದೇ ಮಟ್ಟು. ಅಶ್ವತ್ಥ್ ಏರುವಲ್ಲಿ ಅಜ್ಜನೂ ಏರುತ್ತಾನೆ, ಅವರು ದನಿಯನ್ನು ಗಡುಸಾಗಿಸುವಲ್ಲಿ ಇವನೂ ಗಡುಸಾಗಿಸುತ್ತಾನೆ.

ದೊಡ್ಡಮ್ಮನನ್ನು ಕೇಳಿದೆ. ಅವಳಿಗೆ ಇದು ಸುದ್ದಿಯೇ ಅಲ್ಲ. “ಶಿರಾಳಕೊಪ್ಪದ ಸಂತಿಗೆ ಹೋದಾಗ ತಂದಿದ್ರಲ್ಲ ಕ್ಯಾಸೆಟ್ಟು? ಅದನ್ನ ಹಾಕಿ ಹಾಕಿ ಕಲ್ತ್ರು. ಅದಕ್ಕೂ ಮುಂಚಿ ಅವರು ಬ್ಯಾರೆ ರೀತಿ ಹಾಡ್ತಿದ್ರು.” ಬೇರೆ ರೀತಿ ಎಂದರೆ ಹೇಗೆ ಎಂದರೆ ಅವಳಿಗೆ ನೆನಪಿಲ್ಲ. ನೆನಪಿದ್ದವರೂ ಈಗಿಲ್ಲ. ಅಟ್ಟದ ಟ್ರಂಕಿನಲ್ಲಿ ಕ್ಯಾಸೆಟ್ಟುಗಳು ಸಿಕ್ಕವು, ಟೇಪ್ ರೆಕಾರ್ಡರೂ ಸಿಕ್ಕಿತು. ಅದರ ನಿಲ್ಲಿಸುವ ಗುಂಡಿಯ ಮೇಲಿನ ಬಣ್ಣವೆಲ್ಲ ಸವೆದುಹೋಗಿತ್ತು.

ನಾನು ‘ಮೂಲ’ ಎಂದು ಬರೆದದ್ದು ಮೂಲವಾಗಿರಲಿಲ್ಲ. ಹಾಗೆ ನೋಡಿದರೆ ಆ ಕ್ಯಾಸೆಟ್ಟಿನ ಹಿಂದೆಯೂ ನಮ್ಮ ಜಿಲ್ಲೆಯವರೊಬ್ಬರಿದ್ದರು. ಶಿವಮೊಗ್ಗದಲ್ಲಿ ಹುಟ್ಟಿದ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಅಶ್ವತ್ಥರ ಕೈಗಿತ್ತು, ಪೇಟೆಯ ಕೇಳುಗರ ಮನೆಗಳಿಗೆ ಮುಟ್ಟಿಸಿದವರು. ಜನ ಅವರನ್ನು ‘ಶರೀಫ ಭಟ್ಟ’ರೆಂದೇ ಕರೆದರು. ಅದು ಕನ್ನಡದಲ್ಲಿ ಭಾವಗೀತೆಯ ಕ್ಯಾಸೆಟ್ಟುಗಳ ಕಾಲ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ದಿಂದ ಶುರುವಾದದ್ದು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದಾಗಲೂ ಸಂಗೀತ ಅಶ್ವತ್ಥರದೇ. ಹಾನಗಲ್ಲಿನ ದಾರಿಯಿಂದ ನಡೆದು ಬಂದಿದ್ದ ಪದ ಬೆಂಗಳೂರಿಗೆ ಹೋಗಿ, ಕ್ಯಾಸೆಟ್ಟಿನಲ್ಲಿ ಸುತ್ತಿಕೊಂಡು, ಶಿರಾಳಕೊಪ್ಪದ ಸಂತೆಯಿಂದ ಮತ್ತೆ ನಮ್ಮನೆಗೆ ಬಂದಿತ್ತು. ಅಜ್ಜ ಅದನ್ನು ಕದ್ದದ್ದೂ ಅಲ್ಲ, ಮುಚ್ಚಿಟ್ಟದ್ದೂ ಅಲ್ಲ. ನಾನೇ ಕೇಳಿರಲಿಲ್ಲ.

ಕೆಲವು ದಿನ ಅಧ್ಯಾಯವನ್ನು ಮುಟ್ಟಲಿಲ್ಲ. ನಾಚಿಕೆ ಅಂದರೂ ಸರಿಯೇ.

*

ಆ ದಿನಗಳಲ್ಲಿ ಒಮ್ಮೆ ಬಸ್ಸಿಳಿದು ಬಳ್ಳಿಗಾವಿಗೆ ಹೋದೆ. ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಪಕ್ಕದಲ್ಲೇ ಇರುವ ಊರು. ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳನ್ನು ನೋಡಲು ಜನ ಬರುತ್ತಾರೆ. ನನಗೆ ಅದು ಅಲ್ಲಮನ ಊರು. ಅಲ್ಲಮ ಮೊದಲು ಸಂಗೀತದವನು, ಮದ್ದಳೆ ಬಾರಿಸುತ್ತಿದ್ದವನು ಎಂಬುದು ನಮಗೆಲ್ಲ ತಿಳಿದ ಕಥೆ. ಆದರೆ ಆ ಕಥೆಯೂ ಎರಡು ಸಲ ಹೇಳಿಸಿಕೊಂಡಿದೆ.

ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಬಳ್ಳಿಗಾವಿಯ ಅಲ್ಲಮ ಕಮಲತೆಯನ್ನು ಪ್ರೀತಿಸುತ್ತಾನೆ, ಅವಳನ್ನು ಕಳೆದುಕೊಳ್ಳುತ್ತಾನೆ, ದುಃಖದಲ್ಲಿ ಹುಚ್ಚನಂತೆ ಅಲೆಯುತ್ತಾನೆ. ಅನಿಮಿಷನ ಗುಹೆ ಅವನಿಗೆ ಸಿಗುವುದು ಆ ಅಲೆದಾಟದಲ್ಲೇ. ಸುಮಾರು ಎರಡು ಶತಮಾನಗಳ ನಂತರ ಚಾಮರಸ ‘ಪ್ರಭುಲಿಂಗಲೀಲೆ’ ಬರೆದ. ಅಲ್ಲಿ ಊರು ಬನವಾಸಿ, ಕಮಲತೆಯ ಜಾಗದಲ್ಲಿ ಮಾಯೆ. ಅಲ್ಲಮ ಅಲ್ಲೂ ಮದ್ದಳೆ ಬಾರಿಸುತ್ತಾನೆ, ಆದರೆ ಸೋಲುವವನಲ್ಲ. ಮೊದಲನೆಯದರಲ್ಲಿ ನೊಂದ ಮನುಷ್ಯ, ಎರಡನೆಯದರಲ್ಲಿ ಏನೂ ಅಂಟದ ಪ್ರಭು. ಎರಡನೇ ಹೇಳಿಕೆ ಅಲ್ಲಮನನ್ನು ತೊಳೆದು ಎತ್ತರದಲ್ಲಿ ಕೂರಿಸಿತು. ನನಗೆ ಹರಿಹರನ ಅಲ್ಲಮ ಹೆಚ್ಚು ಹತ್ತಿರ. ಹಾಗೆಂದು ಚಾಮರಸನನ್ನು ನಕಲುಗಾರ ಅನ್ನಲಾರೆ. ಅವನ ಕಾಲದವರಿಗೆ ಕಾಡಿದ ಪ್ರಶ್ನೆ ಬೇರೆ, ಆ ಪ್ರಶ್ನೆಯನ್ನು ಅವನು ಹಳೆಯ ಕಥೆಯ ಮೂಲಕವೇ ಕೇಳಿದ. ಹರಿಹರನಾದರೂ ಜನರ ಬಾಯಲ್ಲಿದ್ದದ್ದನ್ನೇ ಹೇಳಿದವನಲ್ಲವೆ? ನಮಗೆ ಸಿಗುವ ಮೊದಲನೆಯದೂ ಎಲ್ಲೋ ಎರಡನೆಯದೇ.

ಬೆಡಗಿನ ವಚನಗಳನ್ನು ಹೇಳಿ ಕೇಳಿದವರನ್ನು ಕಂಗೆಡಿಸಿದವನು ಅಲ್ಲಮ. ಏಳು ಶತಮಾನಗಳ ನಂತರ, ಅಲ್ಲಿಂದ ದೂರವೇನಲ್ಲದ ಶಿಶುನಾಳದಲ್ಲಿ ಶರೀಫರು ಕೋಳಿಯಿಂದ ಕೋಡಗವನ್ನು ನುಂಗಿಸಿದರು. ಮದ್ದಳೆ ಹೋಗಿ ಏಕತಾರಿ, ದಮ್ಮಡಿ ಬಂದವು. ಆಮೇಲೆ ಹಾರ್ಮೋನಿಯಂ ಬಂತು, ಕ್ಯಾಸೆಟ್ಟು ಬಂತು, ಗಿಟಾರು ಬಂತು. ವಾದ್ಯ ಬದಲಾದಾಗಲೆಲ್ಲ ಯಾರೋ ಒಬ್ಬರು ‘ಇದು ಅದಲ್ಲ’ ಎಂದಿರಬೇಕು. ಆ ಸಾಲಿನಲ್ಲಿ ನಾನೂ ನಿಂತಿದ್ದೆ, ಅಷ್ಟೆ.

ಹಾಗಾದರೆ ಎಲ್ಲವೂ ಒಂದೇ ಎಂದು ಕೈ ತೊಳೆದುಕೊಳ್ಳಬಹುದೆ? ಅಜ್ಜನ ಪ್ರಶ್ನೆ ಅದಕ್ಕೆ ಬಿಡುವುದಿಲ್ಲ. ಟೇಪ್ ರೆಕಾರ್ಡರಿನ ಆ ಸವೆದ ಗುಂಡಿಯನ್ನು ನೋಡಿದ ಮೇಲೆ ಅದರ ಅರ್ಥ ನನಗೆ ಬೇರೆಯಾಗಿ ಹೊಳೆಯಿತು. ಅಜ್ಜ ಕ್ಯಾಸೆಟ್ಟಿನಿಂದ ಮಟ್ಟು ತೆಗೆದುಕೊಂಡ, ಆದರೆ ಕ್ಯಾಸೆಟ್ಟನ್ನು ಅದರ ಪಾಡಿಗೆ ಓಡಲು ಬಿಡಲಿಲ್ಲ. ನುಡಿಗೊಮ್ಮೆ ನಿಲ್ಲಿಸಿದ. ಹಾಡು ಎಲ್ಲಿಂದ ಬಂತು ಎಂಬುದು ಅವನ ಚಿಂತೆಯಲ್ಲ. ಹಾಡು ನಿಂತಾಗ ಸುತ್ತ ಯಾರಿದ್ದಾರೆ, ಏನು ಮಾತಾಡುತ್ತಾರೆ ಎಂಬುದು ಅವನ ಚಿಂತೆ. ಅವನು ಕೇಳಿದ್ದು ಬ್ಯಾಂಡನ್ನಲ್ಲ, ಬಸ್ಸಿನಲ್ಲಿ ಒಬ್ಬನೇ ಕೂತು ಕೇಳಿಕೊಂಡು ಬಂದ ನನ್ನನ್ನು.

ಇಷ್ಟಾಗಿಯೂ ಒಂದು ನಷ್ಟವನ್ನು ಒಪ್ಪಲೇಬೇಕು. ಸ್ಟುಡಿಯೋದ ಹಾಡಿಗೆ ಕೆಲವೇ ನಿಮಿಷಗಳ ಆಯಸ್ಸು. ನುಡಿ ನುಡಿಯ ನಡುವಿನ ಜಾಗವನ್ನು ವಾದ್ಯಗಳು ತುಂಬುತ್ತವೆ, ಮುಂದಿನ ಹಾಡು ತಾನಾಗಿಯೇ ಶುರುವಾಗುತ್ತದೆ. ಅಶ್ವತ್ಥರ ಕ್ಯಾಸೆಟ್ಟಿಗೂ ಈ ಮಾತು ಸಲ್ಲುತ್ತದೆ, ‘ಜಗ್ ಚಂಗಾ’ಕ್ಕೂ ಸಲ್ಲುತ್ತದೆ. ಒಗಟಿಗೆ ಬೇಕಾದ ಮೌನವನ್ನು ಆಲ್ಬಂ ಕೊಡಲಾರದು, ಅದನ್ನು ಕೇಳುವವರೇ ಮಾಡಿಕೊಳ್ಳಬೇಕು. ಆದರೆ ಒಗಟು ನಮ್ಮವರೆಗೆ ಬರುವುದಕ್ಕಾದರೂ ಯಾರೋ ಅದನ್ನು ಹೊತ್ತು ತರಬೇಕಲ್ಲ? ನನ್ನ ಜೊತೆ ಓದಿದ ಹಲವರಿಗೆ ಶರೀಫರ ಪದ ಮೊದಲು ಸಿಕ್ಕಿದ್ದು ಪಠ್ಯಪುಸ್ತಕದಲ್ಲೂ ಅಲ್ಲ, ಭಜನೆಯಲ್ಲೂ ಅಲ್ಲ, ಆ ಬ್ಯಾಂಡಿನಲ್ಲಿ.

ಅಧ್ಯಾಯವನ್ನು ಹೊಸದಾಗಿ ಬರೆದೆ. ಎರಡು ಕಂಬಸಾಲು ಹೋಯಿತು. ಈಗ ಅಲ್ಲಿರುವುದು ಒಂದೇ ದಾರಿ, ಅದರ ಮೇಲೆ ಹಲವು ನಿಲ್ದಾಣ.

*

ಹೋದ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗನೂ ಬಂದಿದ್ದ, ಗಿಟಾರು ತಂದಿದ್ದ. ಗುಡಿಯ ಮುಂದೆ ಭಜನೆ ಕೂತಿತ್ತು. ನಡುರಾತ್ರಿ ದಾಟಿದ ಮೇಲೆ ಹಿರಿಯರ ದನಿ ಬಿದ್ದಾಗ ಅವನಿಗೂ ಒಂದು ಅವಕಾಶ ಸಿಕ್ಕಿತು. ‘ಕೋಡಗನ ಕೋಳಿ’ ಎತ್ತಿಕೊಂಡ, ಬ್ಯಾಂಡಿನ ಧಾಟಿಯಲ್ಲಿ. ಹುಡುಗರು ಚಪ್ಪಾಳೆ ಹಾಕಿದರು. ಅಜ್ಜನ ಜೊತೆ ಐವತ್ತು ವರ್ಷ ತಾಳ ಹಾಕಿದ ಹಿರಿಯರೊಬ್ಬರು ಮೊದಲು ಸುಮ್ಮನೆ ಕೂತಿದ್ದರು, ಆಮೇಲೆ ತಾಳ ಕೈಗೆತ್ತಿಕೊಂಡರು. ಗಿಟಾರಿನ ತಂತಿ, ಕಂಚಿನ ತಾಳ ಎರಡೂ ಸೇರಿ ಝಣಗುಟ್ಟಿದವು. ನಾನು ಮೊಬೈಲು ತೆಗೆದು ರೆಕಾರ್ಡಿಗೆ ಹಾಕಿದೆ.

ಮೊದಲ ನುಡಿ ಮುಗಿದು ಅವನು ಎರಡನೆಯದಕ್ಕೆ ಹಾರಬೇಕು, ಅಷ್ಟರಲ್ಲಿ ತಾಳ ನಿಂತಿತು.

“ತಡಿ ತಮ್ಮಾ. ಕೋಡಗ ಅಂದ್ರ ಯಾವ್ದು, ಕೋಳಿ ಅಂದ್ರ ಯಾವ್ದು? ಹೇಳಿ ಮುಂದ ಹೋಗು.”

ಅವನು ನನ್ನ ಕಡೆ ನೋಡಿದ. ಪಿಎಚ್.ಡಿ. ಮಾಡುತ್ತಿರುವವನು ನಾನಲ್ಲವೆ? ಕೋಡಗವೆಂದರೆ ಚಂಚಲ ಮನಸ್ಸು, ಕೋಳಿಯೆಂದರೆ ಹೊತ್ತು ಮೂಡುವ ಮುಂಚೆ ಎಬ್ಬಿಸುವ ಅರಿವು ಎಂದು ಓದಿಕೊಂಡಿದ್ದನ್ನು ಹೇಳಿದೆ. ಹಿರಿಯರು ತಲೆಯಾಡಿಸಿದರು.

“ಅದು ಪುಸ್ತಕದ್ದಾತು. ನಿಂದು ಹೇಳು.”

ನನಗೆ ಬಾಯಿ ಬರಲಿಲ್ಲ. ಕಂಬಕ್ಕೊರಗಿದ್ದ ಹೆಂಗಸೊಬ್ಬರು ಏನೋ ಹೇಳಿದರು. ಅದನ್ನು ಇನ್ನೊಬ್ಬರು ಅಲ್ಲಗಳೆದರು. ಚಪ್ಪಾಳೆ ಹಾಕುತ್ತಿದ್ದ ಹುಡುಗನೊಬ್ಬ, ಕೋಳಿ ಅಂದ್ರೆ ಮೊಬೈಲು ಎಂದ, ಎಲ್ಲರೂ ನಕ್ಕರು. ನಕ್ಕ ಮೇಲೆ ಹಿರಿಯರು, “ಯಾಕಾಗಬಾರ್ದು, ಹೇಳು” ಎಂದು ಅವನ ಕಡೆಗೇ ತಿರುಗಿದರು. ಗಿಟಾರು ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. ಎರಡನೇ ನುಡಿ ಶುರುವಾಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.